ಒಂದೇ ಹಾರ್ಮೋನು, ಎರಡು ನಂಬರು: ಅಮ್ಮನ ಯಾವ ರಿಪೋರ್ಟ್ ನಂಬಲಿ?

ಮಂಡ್ಯದ ಮಗಳು:
ಅಮ್ಮನಿಗೆ 61. ಸ್ತನ ಕ್ಯಾನ್ಸರ್ ಆಪರೇಷನ್ ಆಗಿದೆ. ಈಸ್ಟ್ರೊಜೆನ್ ತಗ್ಗಿಸೋಕೆ ದಿನಾ ಎಕ್ಸೆಮೆಸ್ಟೇನ್ 25 ಮಿಲಿಗ್ರಾಂ ತಗೊಳ್ತಾರೆ. ಹೋದ ತಿಂಗಳು ಇಲ್ಲೇ ಒಂದು ಲ್ಯಾಬಿನಲ್ಲಿ ಈಸ್ಟ್ರಡಯಾಲ್ (ಮುಖ್ಯವಾದ ಈಸ್ಟ್ರೊಜೆನ್) ಟೆಸ್ಟ್ ಮಾಡಿಸಿದೆವು. ಒಂದು ಮಿಲಿಲೀಟರಿಗೆ 96 ಪಿಕೋಗ್ರಾಂ ಬಂತು! "ಮಾತ್ರೆ ನುಂಗ್ತಿದ್ದೀಯೋ, ಕಸಕ್ಕೆ ಹಾಕ್ತಿದ್ದೀಯೋ" ಅಂತ ಬೈದುಬಿಟ್ಟೆ. ಅವತ್ತು ರಾತ್ರಿ ಅಮ್ಮ ಮುದ್ದೆ ಮುಟ್ಟಲಿಲ್ಲ. ಮೈಸೂರಿನ ಡಾಕ್ಟರು ಮಾಸ್ ಸ್ಪೆಕ್ಟ್ರೊಮೆಟ್ರಿಯಲ್ಲಿ ಇನ್ನೊಮ್ಮೆ ನೋಡೋಣ ಅಂದರು. ಅದರಲ್ಲಿ 5ಕ್ಕಿಂತ ಕಡಿಮೆ. ಇಷ್ಟು ವ್ಯತ್ಯಾಸ ಹೇಗೆ?

ಕುವೆಂಪುನಗರದ ಲ್ಯಾಬಿನವನು:
ಮೊದಲು ಅಮ್ಮನ ಹತ್ತಿರ ಕ್ಷಮೆ ಕೇಳಿ. ತಪ್ಪು ಮಾತ್ರೆಯದ್ದೇ, ಆದರೆ ಬೇರೆ ಥರ. ಎಕ್ಸೆಮೆಸ್ಟೇನ್ ಕೂಡ ಸ್ಟೆರಾಯ್ಡ್, ಈಸ್ಟ್ರಡಯಾಲ್‌ನ ದಾಯಾದಿ ಅನ್ನಿ. ಮಾಮೂಲಿ ಟೆಸ್ಟಿನ ಆಂಟಿಬಾಡಿ ಮುಖ ನೋಡಿ ಹಿಡಿಯುತ್ತದೆ. ಮಾತ್ರೆಯನ್ನೂ ಹಾರ್ಮೋನು ಅಂತ ಎಣಿಸಿಬಿಡುತ್ತದೆ. ಇದೇ ಕೆಲಸ ಮಾಡುವ ಲೆಟ್ರೊಜೋಲ್ ಮಾತ್ರೆ ಆಗಿದ್ದರೆ ಈ ಗೋಳಿಲ್ಲ, ಅದು ಸ್ಟೆರಾಯ್ಡ್ ಅಲ್ಲ.

ಮಾಸ್ ಸ್ಪೆಕ್ ಅಣುವಿನ ತೂಕ ನೋಡುತ್ತದೆ. ಈಸ್ಟ್ರಡಯಾಲ್ 272, ಎಕ್ಸೆಮೆಸ್ಟೇನ್ 296. ಇಲ್ಲಿ ವೇಷ ನಡೆಯೋದಿಲ್ಲ. ಆದರೆ ಕೆಲಸ ಸುಲಭ ಅಂದುಕೊಳ್ಳಬೇಡಿ. ಮೊದಲು ರಕ್ತದ ಸ್ಯಾಂಪಲ್ಲಿಗೆ ಡ್ಯೂಟೀರಿಯಂ (ಭಾರದ ಹೈಡ್ರೋಜನ್) ಸೇರಿದ, ಪ್ರಮಾಣ ಗೊತ್ತಿರುವ ಈಸ್ಟ್ರಡಯಾಲ್ ಬೆರೆಸುತ್ತೇವೆ. ದಾರಿಯಲ್ಲಿ ಎಷ್ಟು ಸೋರಿದರೂ ಎರಡೂ ಒಂದೇ ಪಾಲು ಸೋರುತ್ತವೆ, ಲೆಕ್ಕ ಕೆಡೋದಿಲ್ಲ. ಆಮೇಲೆ ಈಥರಿನಲ್ಲಿ ಎಳೆದು, ನೈಟ್ರೋಜನ್ ಊದಿ ಒಣಗಿಸುತ್ತೇವೆ. ಆಗ ಟ್ಯೂಬಿನ ತಳದಲ್ಲಿ ಕಣ್ಣಿಗೆ ಏನೂ ಕಾಣೋದಿಲ್ಲ. ಸೇರಿದ ಹೊಸದರಲ್ಲಿ ನಾನೊಮ್ಮೆ ಖಾಲಿ ಅಂತ ತೊಳೆಯೋಕೆ ಹಾಕಿದ್ದೆ. ಬೈಗುಳ ಇನ್ನೂ ಕಿವಿಯಲ್ಲಿದೆ.

ಈಸ್ಟ್ರಡಯಾಲ್‌ಗೆ ಸುಲಭವಾಗಿ ಚಾರ್ಜ್ ಹತ್ತೋದಿಲ್ಲ. ಚಾರ್ಜ್ ಇಲ್ಲದಿದ್ದರೆ ಯಂತ್ರಕ್ಕೆ ಅದು ಇಲ್ಲವೇ ಇಲ್ಲ. ಅದಕ್ಕೆ ನಾವು ಡ್ಯಾನ್ಸಿಲ್ ಕ್ಲೋರೈಡ್ ಹಾಕಿ 60 ಡಿಗ್ರಿಯಲ್ಲಿ ಬಿಸಿ ಮಾಡಿ ಒಂದು ಬಾಲ ಅಂಟಿಸುತ್ತೇವೆ. ಯಂತ್ರ 506 ತೂಕದ ಅಯಾನನ್ನು (ಚಾರ್ಜ್ ಹತ್ತಿದ ಅಣು) ಹಿಡಿದು, ಒಡೆದು, 171 ತೂಕದ ಚೂರನ್ನು ಎಣಿಸುತ್ತದೆ. ಆ ಚೂರು ಬಾಲದ್ದೇ. ಹಾಗಾಗಿ ಅಷ್ಟೇ ತೂಕದ ಬೇರೆ ಸ್ಟೆರಾಯ್ಡಿಗೆ ಬಾಲ ಅಂಟಿದರೂ ಅದೇ 171 ಬರುತ್ತದೆ. ಯಂತ್ರಕ್ಕೆ ಹೋಗೋ ಮುಂಚೆ ಹಾಯಿಸುವ ಕಾಲಮ್ (ಪದಾರ್ಥಗಳನ್ನು ಬೇರ್ಪಡಿಸುವ ಕೊಳವೆ) ಮೊದಲೇ ಅವನ್ನು ಬೇರೆ ಮಾಡಿರಬೇಕು. ನನಗೆ ನಿಜವಾದ ತಲೆನೋವು ಅಲ್ಲೇ.

ಸರಸ್ವತಿಪುರಂ:
ಹಾಗಾದ್ರೆ ಮಾಮೂಲಿ ಟೆಸ್ಟ್ ಸುಮ್ನೆ ದುಡ್ಡು ದಂಡ ಅಲ್ವಾ?

ಕುವೆಂಪುನಗರದ ಲ್ಯಾಬಿನವನು:
ಇಲ್ಲ ಸರ್. ಐವಿಎಫ್‌ನಲ್ಲಿ ಈಸ್ಟ್ರಡಯಾಲ್ ನೂರು, ಸಾವಿರ ಪಿಕೋಗ್ರಾಂ ದಾಟುತ್ತದೆ. ಅಲ್ಲಿ ಅದೇ ಸಾಕು, ಬೇಗನೂ ಬರುತ್ತದೆ. ಮುಟ್ಟು ನಿಂತವರು, ಮಕ್ಕಳು, ಗಂಡಸರು, ಇಂಥ ಮಾತ್ರೆ ತಗೊಳ್ಳುವವರಲ್ಲಿ ಮಟ್ಟ ತೀರಾ ಕಡಿಮೆ. ಎಡವಟ್ಟು ಜಾಸ್ತಿ ಆಗೋದು ಅಲ್ಲೇ. ಸ್ತನ ಕ್ಯಾನ್ಸರಿಗೇ ಕೊಡುವ ಫುಲ್ವೆಸ್ಟ್ರಂಟ್ ಇಂಜೆಕ್ಷನ್ ತಗೊಳ್ಳುವವರಿಗೂ ಹೀಗೇ ಸುಳ್ಳು ನಂಬರ್ ಬರುತ್ತದೆ.

ಮಂಡ್ಯದ ಮಗಳು:
ತುಂಬಾ ಥ್ಯಾಂಕ್ಸ್ ಅಣ್ಣ. ಅಮ್ಮನಿಗೆ ಓದಿ ಹೇಳಿದೆ. ಮಾತಾಡಲಿಲ್ಲ, ಒಳಗೆ ಹೋಗಿ ಬಿಸ್ಕತ್ ಡಬ್ಬಿ ತಂದು ಮುಂದಿಟ್ಟರು. ತುಂಬಾ ಖಾಲಿ ಸ್ಟ್ರಿಪ್. ಒಂದನ್ನೂ ಎಸೆದಿಲ್ಲ.

ಕುವೆಂಪುನಗರದ ಲ್ಯಾಬಿನವನು:
ಮುಂದಿನ ಸಲ ಫಾರಂನಲ್ಲಿ ಮಾತ್ರೆಯ ಹೆಸರು ಬರೆಸಿ. ಡಾಕ್ಟರನ್ನು ಕೇಳದೆ ಮಾತ್ರೆ ಮಾತ್ರ ನಿಲ್ಲಿಸಬೇಡಿ.