ಓದುಗರ ಸ್ಪಂದನ: ‘ಟೊಮೆಟೊ ರೇಟಿನ ಪಿಎಚ್‌ಡಿ ಬಿಟ್ಟುಬಿಡ್ಲಾ?’

ಕೋಲಾರದ ಓದುಗರೊಬ್ಬರು ಹೋದ ಸಲ ಬರೆದಿದ್ರು: ಟೊಮೆಟೊ ರೇಟನ್ನ ಎಐನಿಂದ ಮುಂಚೇನೇ ಅಂದಾಜು ಮಾಡೋ ಪಿಎಚ್‌ಡಿ, ಇದು ನಾಲ್ಕನೇ ವರ್ಷ. ಅರ್ಥಶಾಸ್ತ್ರದವರು ‘ಥಿಯರಿ ಎಲ್ಲಿ’ ಅಂತಾರೆ, ಕಂಪ್ಯೂಟರಿನವರು ‘ಮಾಡೆಲ್‌ನಲ್ಲಿ ಹೊಸದೇನಿದೆ’ ಅಂತಾರೆ, ಬಿಟ್ಟು ಕೆಲಸಕ್ಕೆ ಸೇರ್ಲಾ ಅಂತ. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

ತಂಗಿ, ಏಕವಚನದಲ್ಲಿ ಬರೀತಿದೀನಿ, ಬೇಜಾರಾಗ್ಬೇಡ. ನಂದೂ ಇದೇ ಕಥೆ, ಟೊಮೆಟೊ ಬದ್ಲು ರೇಷ್ಮೆಗೂಡು ಅಷ್ಟೇ. ನಮ್ಮಪ್ಪ ಗೂಡಿನ ಮಾರ್ಕೆಟ್ಟಿಂದ ತರ್ತಿದ್ದ ಚೀಟಿಗಳನ್ನ ಕೂಡಿಟ್ಟು ಹನ್ನೊಂದು ವರ್ಷದ ರೇಟು ಕೂತು ಟೈಪ್ ಮಾಡಿದ್ದೆ, ಅಷ್ಟರಲ್ಲಿ ಗೈಡ್ ರಿಟೈರ್ ಆದ್ರು, ಹೊಸಬ್ರು ಇದು ನಮ್ ಡಿಪಾರ್ಟ್‌ಮೆಂಟಿಗೆ ಬರಲ್ಲ ಅಂದ್ರು, ಆ ಕಡೆಯವರೂ ಅದನ್ನೇ ಅಂದ್ರು, ಒಂದು ಸಹಿಗೋಸ್ಕರ ಎರಡು ಬಿಲ್ಡಿಂಗ್ ಮಧ್ಯೆ ಒಂದೂವರೆ ವರ್ಷ ಓಡಾಡಿ ಕೊನೆಗೆ ಬಿಟ್ಟೆ. ಆ ಚೀಟಿಗಳ ಡಬ್ಬ ಈಗ್ಲೂ ಅಟ್ಟದ ಮೇಲಿದೆ, ಸುಣ್ಣ ಹೊಡೆಸುವಾಗ ಇಳಿಸ್ತೀನಿ, ಮುಚ್ಚಳ ತೆಗೆಯಲ್ಲ. ನಾನು ಮಾಡಿದ ತಪ್ಪು ಎಲ್ಲಾನೂ ಬಾಯ್ಮಾತಲ್ಲೇ ಬಿಟ್ಟಿದ್ದು. ಕಂಪ್ಯೂಟರ್ ಕಡೆಯವ್ರೊಬ್ಬರನ್ನ ಕೋ-ಗೈಡ್ ಮಾಡಿಕೊಡಿ ಅಂತ ನೀನು ಅರ್ಜಿ ಬರೆದು ಕೊಡು, ಯೂನಿವರ್ಸಿಟಿಗಳಿಗೆ ನಿಯಮ ಮಾಡೋ ಯುಜಿಸಿಯ 2022ರ ನಿಯಮದಲ್ಲಿ ಅವಕಾಶ ಇದೆ. ಟೈಮ್ ಆರು ವರ್ಷ, ರೀ-ರಿಜಿಸ್ಟ್ರೇಶನ್ ಆದ್ರೆ ಇನ್ನೆರಡು, ಹೆಣ್ಮಕ್ಕಳಿಗೆ ಅದರ ಮೇಲೂ ಎರಡು. ಇನ್ನೂ ಲೇಟಾಗಿಲ್ಲ ಕಣಮ್ಮ.
- ಓದುಗ, ಶಿಡ್ಲಘಟ್ಟ

ಅರ್ಜಿಯ ಮಾತನ್ನ ದಯವಿಟ್ಟು ಇನ್ನೊಂದ್ಸಲ ಓದಿ. ಮುಂದಿನ ಪತ್ರ ಖಾರವಾಗಿದೆ, ಆದ್ರೂ ಹಾಕಿದ್ದೀವಿ. - ಸಂ.

ನಾಲ್ಕು ವರ್ಷದಲ್ಲಿ ಮಂಡಿಗೆ ಎಷ್ಟು ದಿನ ಹೋಗಿದೀರ? ನಿಮ್ಮ ಪತ್ರದಲ್ಲಿ ಅದರ ಬಗ್ಗೆ ಒಂದ್ ಸಾಲೂ ಇಲ್ಲ.
- ಓದುಗರು, ಕೆಜಿಎಫ್

ಡಿಪಾರ್ಟ್‌ಮೆಂಟ್ ವಿಷ್ಯ ನನಗೆ ತಿಳಿಯಲ್ಲ ಮೇಡಂ. 2023ರ ಜುಲೈನಲ್ಲಿ ಹದಿನೈದು ಕೆಜಿ ಬಾಕ್ಸು 2000 ರೂಪಾಯಿ ದಾಟ್ತು, ಅದನ್ನ ನೋಡಿ ನಮ್ಮೂರಲ್ಲಿ ಎಲ್ರೂ ನಾಟಿ ಹಾಕಿದ್ರು, ನಾನೂ ಹಾಕ್ದೆ, ಹಣ್ಣು ಬರೋ ಹೊತ್ತಿಗೆ ಕೀಳೋ ಕೂಲಿನೂ ಗಿಟ್ಲಿಲ್ಲ. ನಿಮ್ಮ ಕಂಪ್ಯೂಟರು ರೇಟ್ ಬರುತ್ತೆ ಅಂತ ಎಲ್ರಿಗೂ ಹೇಳಿದ್ರೆ ಎಲ್ರೂ ಹಾಕ್ತೀವಲ್ಲ, ಆಗ ರೇಟು ಬೀಳಲ್ವಾ? ಮಂಡಿಯವರಿಗೆ ಮಾತ್ರ ಮೊದ್ಲೇ ಗೊತ್ತಾದ್ರೆ ನಮ್ಮ ಗತಿ ಏನು?
- ರೈತ, ಮುಳಬಾಗಿಲು ತಾಲ್ಲೂಕು

ಇದನ್ನ ನಾವು ತುಮಕೂರಿನ ಅರ್ಥಶಾಸ್ತ್ರದ ಮೇಷ್ಟ್ರೊಬ್ಬರಿಗೆ ತೋರಿಸಿದ್ವಿ. - ಸಂ.

ರೇಟ್ ನೋಡಿ ಬೆಳೆಯೋದು, ಬೆಳೆದಾಗ ರೇಟ್ ಬೀಳೋದು, ಇದಕ್ಕೆ ಅರ್ಥಶಾಸ್ತ್ರಜ್ಞ ನಿಕೊಲಾಸ್ ಕಾಲ್ಡೋರ್ 1934ರಲ್ಲೇ ‘ಕಾಬ್‌ವೆಬ್’ ಅಂದ್ರೆ ಜೇಡರಬಲೆ ಅಂತ ಹೆಸರಿಟ್ರು. ಎಐ ಅಂದಾಜು ರೈತರ ಫೋನಿಗೇ ಬಂದಾಗ ಈ ಬಲೆ ಬಿಗಿಯಾಗುತ್ತಾ ಸಡಿಲ ಆಗುತ್ತಾ, ಅದೇ ನಿಮ್ಮ ಥಿಯರಿ ಚಾಪ್ಟರ್ ಆಗ್ಬಹುದು. ಎರಡೂ ಕಡೆ ಕಾಲಿಟ್ಟವರು ಯಾರೂ ಇಲ್ಲ ಅಂತ ದಿಗಿಲು ಬೇಡ, ಹರ್ಬರ್ಟ್ ಸೈಮನ್‌ಗೆ 1975ರಲ್ಲಿ ಕಂಪ್ಯೂಟರಿನವರ ಟ್ಯೂರಿಂಗ್ ಪ್ರಶಸ್ತಿ, 1978ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಎರಡೂ ಬಂತು.

ಮುಳಬಾಗಿಲಿನವರು ಪತ್ರದ ಜೊತೆ ತಮ್ಮ ಎರಡು ವರ್ಷದ ಮಂಡಿ ಪಟ್ಟಿಗಳ ಜೆರಾಕ್ಸ್ ಇಟ್ಟಿದ್ರು. ನಿಮ್ಮ ವಿಳಾಸಕ್ಕೆ ಕಳಿಸಿದ್ದೀವಿ. - ಸಂ.