ವಿದೇಶ ಪ್ರವಾಸದ ಬಜೆಟ್: ಪ್ರವಾಸಿ ತೆರಿಗೆ ಮತ್ತು ಕಾಣದ ಖರ್ಚುಗಳಿಗೆ ಎಷ್ಟು ಹಣ ಎತ್ತಿಡಬೇಕು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು, ನನ್ನ ಪತ್ನಿ, ನನ್ನ ತಾಯಿ ಮತ್ತು 8 ವರ್ಷದ ಮಗಳು, ಹೀಗೆ ನಾವು ನಾಲ್ವರು ಮುಂದಿನ ಮೇ ತಿಂಗಳಲ್ಲಿ ರೋಮ್‌ನಲ್ಲಿ 4 ರಾತ್ರಿ, ವೆನಿಸ್ ನೋಡುವುದಕ್ಕಾಗಿ ಪಡುವಾದಲ್ಲಿ 3 ರಾತ್ರಿ ಹಾಗೂ ಆಮ್‌ಸ್ಟರ್‌ಡ್ಯಾಮ್‌ನಲ್ಲಿ 3 ರಾತ್ರಿ ತಂಗಬೇಕೆಂದು ಯೋಜಿಸಿದ್ದೇವೆ. ವೆನಿಸ್‌ನಲ್ಲಿ ಕೊಠಡಿ ದುಬಾರಿ ಎಂಬ ಕಾರಣಕ್ಕೆ ಪಡುವಾವನ್ನು ಆರಿಸಿಕೊಂಡೆವು.

ನನ್ನ ಆತಂಕಕ್ಕೆ ಹಿಂದಿನ ಅನುಭವವೇ ಕಾರಣ. ಕೆಲವು ವರ್ಷಗಳ ಹಿಂದೆ ಅಮೆರಿಕದ ಒಂದು ಕಡಲತೀರದ ಹೋಟೆಲಿನಲ್ಲಿ 5 ರಾತ್ರಿಗೆ ಪೂರ್ತಿ ಬಾಡಿಗೆಯನ್ನು ಮುಂಗಡವಾಗಿಯೇ ಕೊಟ್ಟಿದ್ದೆವು. ಅಲ್ಲಿಗೆ ತಲುಪಿದ ಮೇಲೆ ರಿಸೆಪ್ಷನ್‌ನಲ್ಲಿ ‘ರೆಸಾರ್ಟ್ ಫೀ’ ಎಂದು ರಾತ್ರಿಗೆ 40 ಡಾಲರಿನಂತೆ 200 ಡಾಲರ್ ಕೇಳಿದರು. ಈಜುಕೊಳಕ್ಕೆ ಇಳಿಯದಿದ್ದರೂ ಕೊಡಲೇಬೇಕು ಎಂದರು. ಮಗುವನ್ನು ಎತ್ತಿಕೊಂಡು, ದಣಿದು ನಿಂತಿದ್ದ ನಮಗೆ ವಾದ ಮಾಡುವ ಶಕ್ತಿ ಇರಲಿಲ್ಲ. ಆ ಹಣವನ್ನು ಹೊಂದಿಸಲು ಕೊನೆಯ ಎರಡು ದಿನಗಳಲ್ಲಿ ನೋಡಬೇಕೆಂದಿದ್ದ ಸ್ಥಳಗಳನ್ನೇ ಕೈಬಿಟ್ಟೆವು.

ಈ ಬಾರಿ ತಾಯಿಯವರು ಮೊದಲ ಸಲ ವಿದೇಶಕ್ಕೆ ಬರುತ್ತಿದ್ದಾರೆ, ಅಂಥ ಮುಜುಗರ ಅವರೆದುರು ಆಗಬಾರದು. ಒಟ್ಟು ಬಜೆಟ್ಟಿನ ಮೇಲೆ ಶೇಕಡಾ 10 ಅಥವಾ 15ರಷ್ಟು ಎಂದು ಎತ್ತಿಟ್ಟರೆ ಸಾಕೇ, ಅಥವಾ ಇದಕ್ಕೆ ಬೇರೆ ಲೆಕ್ಕವಿದೆಯೇ? ತಿಳಿದವರು ದಯವಿಟ್ಟು ಹೇಳಿ.

ಮೊದಲ ಉತ್ತರ

ಒಟ್ಟು ಬಜೆಟ್ಟಿನ ಮೇಲೆ ಒಂದೇ ಶೇಕಡಾವಾರು ಹಾಕುವುದನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಪ್ರವಾಸಿ ತೆರಿಗೆ ಎಂಬುದು ಒಂದೇ ತೆರಿಗೆಯಲ್ಲ. ಕೆಲವು ಊರುಗಳು ತಲೆಗಿಷ್ಟು ಎಂದು ವಸೂಲು ಮಾಡುತ್ತವೆ, ಕೆಲವು ಕೊಠಡಿಗಿಷ್ಟು ಎನ್ನುತ್ತವೆ, ಮತ್ತೆ ಕೆಲವು ಬಾಡಿಗೆಯ ಮೇಲೆ ಶೇಕಡಾವಾರು ಹಾಕುತ್ತವೆ. ಯಾವ ಊರು ಯಾವುದರ ಮೇಲೆ ಎಣಿಸುತ್ತದೆ ಎಂಬುದನ್ನು ತಿಳಿದುಕೊಂಡರೆ ನಿಮ್ಮ ಅರ್ಧ ಆತಂಕ ಕಳೆಯುತ್ತದೆ.

ರೋಮ್‌ನಲ್ಲಿ ತಲೆ ಲೆಕ್ಕ. ಮೂರು ತಾರೆಯ ಹೋಟೆಲಿಗೆ ಒಬ್ಬರಿಗೆ ರಾತ್ರಿಗೆ 6 ಯೂರೋ, ನಾಲ್ಕು ತಾರೆಗೆ 7.50, ಐದು ತಾರೆಗೆ 10 ಯೂರೋ. 10 ವರ್ಷದೊಳಗಿನ ಮಕ್ಕಳಿಗೆ ವಿನಾಯಿತಿ ಇರುವುದರಿಂದ ನಿಮ್ಮ ಮಗಳನ್ನು ಎಣಿಸಬೇಕಾಗಿಲ್ಲ. ಮೂರು ತಾರೆಯ ಹೋಟೆಲ್ ಎಂದಿಟ್ಟುಕೊಂಡರೆ ಮೂವರು ದೊಡ್ಡವರಿಗೆ 4 ರಾತ್ರಿಗೆ 72 ಯೂರೋ ಆಗುತ್ತದೆ. ಈ ಪದ್ಧತಿಯಲ್ಲಿ ಅಗ್ಗದ ಕೊಠಡಿ ಹಿಡಿದವರ ಮೇಲೆಯೇ ಹೊರೆ ಹೆಚ್ಚು: 100 ಯೂರೋ ಬಾಡಿಗೆಯ ಕೊಠಡಿಯಲ್ಲಿ ಇಬ್ಬರು ತಂಗಿದರೆ 12 ಯೂರೋ, ಅಂದರೆ ಬಾಡಿಗೆಯ ಶೇಕಡಾ 12 ತೆರಿಗೆಯಾಯಿತು. ಅದೇ ಮೂರು ತಾರೆಯಲ್ಲಿ 200 ಯೂರೋ ಕೊಡುವವರಿಗೆ ಅದು ಶೇಕಡಾ 6 ಮಾತ್ರ.

ಆಮ್‌ಸ್ಟರ್‌ಡ್ಯಾಮ್ ಇದಕ್ಕೆ ತದ್ವಿರುದ್ಧ. ಅಲ್ಲಿ 2024ರಿಂದ ಬಾಡಿಗೆಯ ಮೇಲೆ ಶೇಕಡಾ 12.5 ತೆರಿಗೆ ಇದೆ. ಅದಕ್ಕೂ ಮೊದಲು ಹೋಟೆಲುಗಳಲ್ಲಿ ಶೇಕಡಾ 7ರ ಜೊತೆಗೆ ಒಬ್ಬರಿಗೆ ರಾತ್ರಿಗೆ 3 ಯೂರೋ ಇತ್ತು. ಮೌಲ್ಯವರ್ಧಿತ ತೆರಿಗೆಯನ್ನು ಹೊರತುಪಡಿಸಿದ ಬಾಡಿಗೆಯ ಮೇಲೆ ಇದನ್ನು ಎಣಿಸುತ್ತಾರೆ. ತೆರಿಗೆಗಳಿಲ್ಲದೆ ರಾತ್ರಿಗೆ 240 ಯೂರೋ ಆಗುವ ಕೊಠಡಿಗೆ 3 ರಾತ್ರಿಗೆ 90 ಯೂರೋ ಸೇರುತ್ತದೆ. ಇದರ ಜೊತೆಗೆ ನೆದರ್‌ಲೆಂಡ್ಸ್‌ನಲ್ಲಿ ವಸತಿಯ ಮೇಲಿನ ಮೌಲ್ಯವರ್ಧಿತ ತೆರಿಗೆಯೇ 2026ರ ಜನವರಿ 1ರಿಂದ ಶೇಕಡಾ 9ರಿಂದ 21ಕ್ಕೆ ಏರಿದೆ. ಹಳೆಯ ಪ್ರವಾಸ ಕಥನಗಳಲ್ಲಿ ಓದಿದ ಬಾಡಿಗೆಯನ್ನು ನಂಬಿ ಬಜೆಟ್ ಹಾಕಿದರೆ ಅಲ್ಲಿಯೇ ಎಡವುತ್ತೀರಿ.

ಗ್ರೀಸ್ ನಿಮ್ಮ ಪಟ್ಟಿಯಲ್ಲಿಲ್ಲ, ಆದರೂ ವ್ಯತ್ಯಾಸ ಸ್ಪಷ್ಟವಾಗಲೆಂದು ಹೇಳುತ್ತೇನೆ. ಅಲ್ಲಿ 2025ರಿಂದ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗಿನ ತಿಂಗಳುಗಳಲ್ಲಿ ನಾಲ್ಕು ತಾರೆಯ ಹೋಟೆಲಿಗೆ ರಾತ್ರಿಗೆ 10 ಯೂರೋ, ಅದೂ ಕೊಠಡಿಗೆ. ನಾಲ್ವರು ಒಂದೇ ಕೊಠಡಿಯಲ್ಲಿದ್ದರೂ ಅಷ್ಟೇ, ಒಬ್ಬರೇ ಇದ್ದರೂ ಅಷ್ಟೇ.

ಇನ್ನು ಪಡುವಾ. ವೆನಿಸ್ ನಗರಾಡಳಿತವು 2024ರ ಏಪ್ರಿಲ್ 25ರಿಂದ, ಬೆಳಿಗ್ಗೆ ಬಂದು ಸಂಜೆ ಮರಳುವವರಿಂದ ಪ್ರವೇಶ ಶುಲ್ಕ ಪಡೆಯಲು ಆರಂಭಿಸಿತು. ಮೊದಲ ವರ್ಷ 29 ದಿನಗಳಿಗೆ ಇದ್ದದ್ದು 2025ರಲ್ಲಿ 54 ದಿನಗಳಾಯಿತು. ವಸಂತದಿಂದ ಬೇಸಿಗೆಯ ನಡುವಿನವರೆಗಿನ ಜನಸಂದಣಿಯ ದಿನಗಳಲ್ಲಿ, ಬೆಳಿಗ್ಗೆ 8.30ರಿಂದ ಸಂಜೆ 4 ಗಂಟೆಯವರೆಗೆ ಇದು ಅನ್ವಯಿಸುತ್ತದೆ. ನಾಲ್ಕು ದಿನ ಮುಂಚೆ ಕಟ್ಟಿದರೆ 5 ಯೂರೋ, ತಡ ಮಾಡಿದರೆ 10. ವೆನಿಸ್ ನಗರಾಡಳಿತದ ವ್ಯಾಪ್ತಿಯಲ್ಲಿ ರಾತ್ರಿ ತಂಗುವವರಿಗೆ ಈ ಶುಲ್ಕವಿಲ್ಲ, ಏಕೆಂದರೆ ಅವರು ತಂಗುವ ತೆರಿಗೆಯನ್ನು ಹೇಗೂ ಕೊಡುತ್ತಾರೆ. ಪಡುವಾ ಬೇರೆ ನಗರಾಡಳಿತಕ್ಕೆ ಸೇರಿದ್ದರಿಂದ ನೀವು ಅಲ್ಲಿಯ ತಂಗುವ ತೆರಿಗೆಯನ್ನೂ ಕೊಟ್ಟು, ಶುಲ್ಕವಿರುವ ದಿನಗಳಲ್ಲಿ ವೆನಿಸ್‌ನ ಪ್ರವೇಶ ಶುಲ್ಕವನ್ನೂ ಕೊಡುತ್ತೀರಿ. ವೆನಿಸ್ ದ್ವೀಪಕ್ಕೆ ಹೋಗುವ ಸೇತುವೆಯ ಈಚೆ ದಡದಲ್ಲಿರುವ ಮೆಸ್ತ್ರೆ ವೆನಿಸ್ ನಗರಾಡಳಿತಕ್ಕೇ ಸೇರಿದೆ. ಬಾಡಿಗೆಯೂ ದ್ವೀಪದಷ್ಟು ದುಬಾರಿಯಲ್ಲ. ಒಮ್ಮೆ ಹೋಲಿಸಿ ನೋಡಿ.

ಎರಡನೆಯ ಉತ್ತರ

ಮೇಲಿನ ಉತ್ತರ ಉಪಯುಕ್ತವಾಗಿದೆ, ಆದರೆ ಅದು ತೆರಿಗೆಯ ಮಾತು ಮಾತ್ರ. ತೆರಿಗೆಯನ್ನು ನಗರಾಡಳಿತಗಳು ಬಹಿರಂಗವಾಗಿ ಪ್ರಕಟಿಸಿರುತ್ತವೆ, ಹುಡುಕಿದರೆ ಸಿಗುತ್ತದೆ. ನಿಜವಾಗಿ ಕಾಣದೆ ಸೋರಿಹೋಗುವ ಹಣ ಬೇರೆಡೆ ಇದೆ, ಮತ್ತು ಅದರ ಬಹುಪಾಲು ಕಾರ್ಡ್ ಯಂತ್ರದ ಮುಂದೆ ಸೋರುತ್ತದೆ.

ಅಂಗಡಿಯಲ್ಲೋ ಹೋಟೆಲಿನಲ್ಲೋ ಕಾರ್ಡ್ ಕೊಟ್ಟಾಗ ಯಂತ್ರದ ಪರದೆಯ ಮೇಲೆ, ಸ್ಥಳೀಯ ಹಣದಲ್ಲಿ ಪಾವತಿಸುವಿರೋ ಅಥವಾ ನಿಮ್ಮ ದೇಶದ ಹಣದಲ್ಲಿ ಪಾವತಿಸುವಿರೋ ಎಂಬ ಪ್ರಶ್ನೆ ಬರುತ್ತದೆ. ತಮ್ಮ ದೇಶದ ಹಣದಲ್ಲಿ ಮೊತ್ತ ಕಂಡರೆ ಯಾರಿಗಾದರೂ ಧೈರ್ಯವೆನಿಸುವುದು ಸಹಜ. ಆದರೆ ಹಾಗೆ ಆರಿಸಿದ ಕ್ಷಣದಲ್ಲಿ ವಿನಿಮಯ ದರವನ್ನು ನಿಗದಿಪಡಿಸುವುದು ನಿಮ್ಮ ಬ್ಯಾಂಕ್ ಅಲ್ಲ, ಅಂಗಡಿಯ ಪಾವತಿ ವ್ಯವಸ್ಥೆಯನ್ನು ನಡೆಸುವ ಸಂಸ್ಥೆ. ಅದು ತನ್ನ ಲಾಭವನ್ನು ದರದೊಳಗೇ ಸೇರಿಸಿರುತ್ತದೆ, ಅದರಲ್ಲಿ ಒಂದು ಪಾಲು ಅನೇಕ ವೇಳೆ ಅಂಗಡಿಗೂ ಹೋಗುತ್ತದೆ. ಇಷ್ಟಾದ ಮೇಲೂ ವ್ಯವಹಾರ ವಿದೇಶದಲ್ಲಿ ನಡೆದಿದೆ ಎಂಬ ಕಾರಣಕ್ಕೆ ಕೆಲವು ಬ್ಯಾಂಕುಗಳು ತಮ್ಮ ಶುಲ್ಕವನ್ನು ಪ್ರತ್ಯೇಕವಾಗಿ ಕಡಿಯುತ್ತವೆ. ಆದ್ದರಿಂದ ಯಾವಾಗಲೂ ಸ್ಥಳೀಯ ಹಣವನ್ನೇ ಆರಿಸಿ. ಸಿಬ್ಬಂದಿಯೇ ಗುಂಡಿ ಒತ್ತಿಬಿಡುವುದೂ ಉಂಟು. ಯಂತ್ರವನ್ನು ನಿಮ್ಮ ಕಡೆಗೆ ತಿರುಗಿಸಿ ಕೊಡುವಂತೆ ಕೇಳಲು ಸಂಕೋಚಪಡಬೇಡಿ.

ಎಟಿಎಂನಿಂದ ನಗದು ತೆಗೆಯುವಾಗಲೂ ಇಂಥದೇ ಎಚ್ಚರ ಬೇಕು. ಥಾಯ್ಲೆಂಡಿನ ಎಟಿಎಂಗಳಲ್ಲಿ ವಿದೇಶಿ ಕಾರ್ಡಿಗೆ ಪ್ರತಿ ಬಾರಿಗೂ 220 ಬಾತ್ ಅಥವಾ ಅದಕ್ಕೂ ಹೆಚ್ಚು ಹಣ ಕಡಿತವಾಗುತ್ತದೆ, ತೆಗೆದ ಮೊತ್ತ ಎಷ್ಟೇ ಇರಲಿ. 2,000 ಬಾತ್ ತೆಗೆದವರಿಗೆ ಅದು ಶೇಕಡಾ 11 ಆದರೆ 20,000 ತೆಗೆದವರಿಗೆ ಶೇಕಡಾ 1.1 ಮಾತ್ರ. ಪದೇ ಪದೇ ಸ್ವಲ್ಪ ಸ್ವಲ್ಪ ತೆಗೆಯುವ ಅಭ್ಯಾಸ ಇರುವವರು ಇದನ್ನು ಗಮನಿಸಬೇಕು.

ಬಾಡಿಗೆ ಕಾರು ಪಡೆಯುವ ಯೋಚನೆಯಿದ್ದರೆ ಇನ್ನೊಂದು ಮಾತು. ಕಾರು ಕೊಡುವಾಗ ಅವರು ಕಾರ್ಡಿನಲ್ಲಿ ಒಂದು ದೊಡ್ಡ ಮೊತ್ತವನ್ನು ಠೇವಣಿಯಾಗಿ ತಡೆಹಿಡಿಯುತ್ತಾರೆ. ಅದು ಖರ್ಚಲ್ಲ, ಮರಳಿ ಬರುತ್ತದೆ. ಆದರೆ ಬರುವವರೆಗೆ ಆ ಹಣ ನಿಮ್ಮ ಕೈಗೆ ಸಿಗುವುದಿಲ್ಲ. ಒಮ್ಮೆ ನನಗೆ ಹೀಗೆಯೇ ಆಯಿತು: ಕಾರು ಹಿಂದಿರುಗಿಸಿ ಒಂದು ವಾರ ಕಳೆದರೂ ಹಣ ಬಿಡುಗಡೆಯಾಗದೆ, ಮುಂದಿನ ಊರಿನ ಹೋಟೆಲಿನಲ್ಲಿ ಕಾರ್ಡ್ ನಿರಾಕೃತವಾಯಿತು. ಬಜೆಟ್ಟಿನಲ್ಲಿ ಹಣವಿದ್ದೂ ಕೈಯಲ್ಲಿ ಇಲ್ಲದ ಸ್ಥಿತಿ ಅದು. ಅಂದಿನಿಂದ ಎರಡನೆಯ ಕಾರ್ಡ್ ಇಲ್ಲದೆ ನಾನು ಹೊರಡುವುದಿಲ್ಲ.

ನಿಮ್ಮ ‘ರೆಸಾರ್ಟ್ ಫೀ’ ಅನುಭವ ಓದಿ ಬೇಸರವಾಯಿತು. ಅಮೆರಿಕದಲ್ಲಿ 2025ರ ಮೇ 12ರಿಂದ ಜಾರಿಗೆ ಬಂದ ನಿಯಮದ ಪ್ರಕಾರ ಹೋಟೆಲುಗಳು ಕಡ್ಡಾಯ ಶುಲ್ಕಗಳನ್ನು ಸೇರಿಸಿದ ಮೊತ್ತವನ್ನೇ ಮೊದಲಿಗೆ ತೋರಿಸಬೇಕು. ಆದರೆ ಸರ್ಕಾರಿ ತೆರಿಗೆಗಳನ್ನು ಆ ಮೊತ್ತದಿಂದ ಹೊರಗಿಟ್ಟು, ಹಣ ಕಟ್ಟುವ ಮುನ್ನ ತಿಳಿಸಿದರೆ ಸಾಕು. ಹಾಗಾಗಿ ಕೊನೆಯ ಪುಟದವರೆಗೆ ಹೋಗಿ ನೋಡುವ ಅಭ್ಯಾಸವನ್ನು ಬಿಡುವಂತಿಲ್ಲ.

ಮೂರನೆಯ ಉತ್ತರ

ಎರಡು ಸಣ್ಣ ವಿಷಯಗಳನ್ನು ಸೇರಿಸುತ್ತೇನೆ.

ಬುಕಿಂಗ್ ಮಾಡಿದ ದಿನ ಮತ್ತು ಪ್ರಯಾಣದ ದಿನದ ನಡುವೆ ತೆರಿಗೆ ಬದಲಾಗಬಹುದು. ನ್ಯೂಜಿಲೆಂಡ್ ತನ್ನ ಪ್ರವಾಸಿ ಶುಲ್ಕವನ್ನು 2024ರ ಅಕ್ಟೋಬರ್ 1ರಂದು 35 ನ್ಯೂಜಿಲೆಂಡ್ ಡಾಲರಿನಿಂದ ಒಮ್ಮೆಲೇ 100ಕ್ಕೆ ಏರಿಸಿತು. ಕ್ಯೋಟೊದಲ್ಲಿ 2018ರಿಂದ ಒಬ್ಬರಿಗೆ ರಾತ್ರಿಗೆ ಗರಿಷ್ಠ 1,000 ಯೆನ್ ಇದ್ದದ್ದು 2026ರ ಮಾರ್ಚ್‌ನಿಂದ, ಅತಿ ದುಬಾರಿ ಕೊಠಡಿಗಳಿಗೆ, 10,000 ಯೆನ್ ಆಗಿದೆ. ಹೊರಡುವ ತಿಂಗಳಲ್ಲಿ ಪ್ರತಿ ಊರಿನ ನಗರಾಡಳಿತದ ಜಾಲತಾಣವನ್ನು ಮತ್ತೊಮ್ಮೆ ನೋಡಿ. ಬುಕಿಂಗ್ ಆ್ಯಪ್ ಹೇಳಿದ್ದನ್ನೇ ಕೊನೆಯ ಮಾತೆಂದು ತಿಳಿಯಬೇಡಿ.

ಎರಡನೆಯದಾಗಿ, ಈ ತೆರಿಗೆಗಳನ್ನೆಲ್ಲ ಸುಲಿಗೆ ಎಂದು ನೋಡುವುದು ನನಗೆ ಸರಿ ಕಾಣುವುದಿಲ್ಲ. ಭೂತಾನ್ ದೇಶವು ಭಾರತೀಯರಲ್ಲದ ಪ್ರವಾಸಿಗರಿಂದ ಪಡೆಯುವ ಸುಸ್ಥಿರ ಅಭಿವೃದ್ಧಿ ಶುಲ್ಕವನ್ನು 2022ರಲ್ಲಿ ರಾತ್ರಿಗೆ 200 ಡಾಲರಿಗೆ ಏರಿಸಿ, ಮರುವರ್ಷ 100ಕ್ಕೆ ಇಳಿಸಿತು. ಆ ದರದಲ್ಲಿ ಇಬ್ಬರಿಗೆ 6 ರಾತ್ರಿಗೆ 1,200 ಡಾಲರ್. ಇದು ಸಣ್ಣ ಮೊತ್ತವಲ್ಲ, ಆದರೆ ಅವರು ಅದನ್ನು ಬಚ್ಚಿಟ್ಟಿಲ್ಲ. ವೀಸಾ ಕೇಳುವಾಗಲೇ ಮುಂದಿಡುತ್ತಾರೆ. ಪ್ರವಾಸಿಗರಿಂದ ಊರಿನ ನೀರು, ಕಸ, ರಸ್ತೆಗಳ ಮೇಲೆ ಬೀಳುವ ಭಾರವನ್ನು ಅಲ್ಲಿಯ ನಿವಾಸಿಗಳೇ ಏಕೆ ಹೊರಬೇಕು? ಬೇಡವೆನಿಸಿದವರು ಮೊದಲೇ ಬೇರೆ ದೇಶವನ್ನು ಆರಿಸಿಕೊಳ್ಳಬಹುದು. ನನ್ನ ಆಕ್ಷೇಪವಿರುವುದು ಬಾಗಿಲಿಗೆ ಬಂದ ಮೇಲೆ ಹೇಳುವ ಶುಲ್ಕಗಳಿಗೆ ಮಾತ್ರ.

ನಿಮ್ಮ ತಾಯಿಯವರೆದುರು ಮುಜುಗರ ಬೇಡ ಎಂದಿರಿ. ಇಟಲಿಯ ಸಣ್ಣ ವಸತಿಗೃಹಗಳಲ್ಲಿ ತಂಗುವ ತೆರಿಗೆಯನ್ನು ನಗದಾಗಿ ಕೇಳುವುದು ಸಾಮಾನ್ಯ. ಆ ಮೊತ್ತವನ್ನು ಊರಿಗೊಂದರಂತೆ ಬೇರೆ ಬೇರೆ ಲಕೋಟೆಗಳಲ್ಲಿ ಹಾಕಿಟ್ಟುಕೊಳ್ಳಿ. ಕೇಳಿದ ಕೂಡಲೇ ತೆಗೆದುಕೊಡಬಹುದು.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಮನಃಪೂರ್ವಕ ಧನ್ಯವಾದಗಳು. ನಿನ್ನೆ ರಾತ್ರಿ ಪತ್ನಿಯೊಂದಿಗೆ ಕುಳಿತು ಲೆಕ್ಕವನ್ನು ಹೊಸದಾಗಿ ಹಾಕಿದೆ. ರೋಮ್‌ಗೆ 72 ಯೂರೋ, ಆಮ್‌ಸ್ಟರ್‌ಡ್ಯಾಮ್‌ಗೆ ನಾವು ನೋಡಿದ್ದ ಕೊಠಡಿಯ ಬಾಡಿಗೆಯ ಪ್ರಕಾರ 81 ಯೂರೋ. ಪಡುವಾದಿಂದ ಎರಡು ದಿನ ವೆನಿಸ್‌ಗೆ ಹೋಗಿಬರಬೇಕೆಂದಿದ್ದೆವು. ಎರಡೂ ದಿನ ಶುಲ್ಕವಿದ್ದು ನಾವು ತಡವಾಗಿ ಕಟ್ಟಿದ್ದರೆ ಮೂವರು ದೊಡ್ಡವರಿಗೆ 60 ಯೂರೋ ಆಗುತ್ತಿತ್ತು. ರೈಲಿನ ಟಿಕೆಟ್ಟುಗಳನ್ನೂ ಅದಕ್ಕೆ ಸೇರಿಸಿದಾಗ ಮೆಸ್ತ್ರೆಯ ಹೋಟೆಲೇ ಅಗ್ಗವೆಂದು ತಿಳಿಯಿತು. ಪಡುವಾದ ಬುಕಿಂಗನ್ನು ಉಚಿತವಾಗಿ ರದ್ದುಪಡಿಸುವ ಅವಧಿ ಇನ್ನೂ ಮುಗಿದಿರಲಿಲ್ಲವಾದ್ದರಿಂದ ಬದಲಾಯಿಸಿದ್ದೇವೆ.

ವೀಸಾ ಶುಲ್ಕವನ್ನು ನಾನು ಬಜೆಟ್ಟಿನಲ್ಲಿ ಸೇರಿಸಿಯೇ ಇರಲಿಲ್ಲ ಎಂಬುದೂ ಈ ನೆಪದಲ್ಲಿ ಗಮನಕ್ಕೆ ಬಂತು. ಯೂರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ಷೆಂಗೆನ್ ವೀಸಾಕ್ಕೆ 2024ರ ಜೂನ್‌ನಿಂದ ದೊಡ್ಡವರಿಗೆ 90 ಯೂರೋ, 6ರಿಂದ 12 ವರ್ಷದೊಳಗಿನವರಿಗೆ 45. ನಮ್ಮ ನಾಲ್ವರಿಗೆ 315 ಯೂರೋ. ಅರ್ಜಿ ಕೇಂದ್ರದ ಸೇವಾ ಶುಲ್ಕ ಇದಕ್ಕೆ ಪ್ರತ್ಯೇಕ, ಮತ್ತು ವೀಸಾ ನಿರಾಕರಿಸಿದರೂ ಈ ಹಣ ಮರಳುವುದಿಲ್ಲ. ಮೂರು ಊರುಗಳ ತಂಗುವ ತೆರಿಗೆಯ ಬಗ್ಗೆ ಇಷ್ಟು ಚಿಂತಿಸಿದ ನನಗೆ ಅವೆಲ್ಲಕ್ಕಿಂತ ದೊಡ್ಡದಾದ ಈ ಮೊತ್ತ ಕಾಣದೇ ಹೋಗಿತ್ತು.

ಲಕೋಟೆಗಳ ಸಲಹೆಯನ್ನು ತಾಯಿಯವರಿಗೆ ಹೇಳಿದೆ. ಅವುಗಳನ್ನು ತಾವೇ ಇಟ್ಟುಕೊಳ್ಳುವುದಾಗಿಯೂ, ಹೋಟೆಲಿನಲ್ಲಿ ತಾವೇ ಕೊಡುವುದಾಗಿಯೂ ಹೇಳಿದ್ದಾರೆ.