ಮೊದಲ ಆಲ್ಬಂ ಬಿಡುವ ಮುಂಚೆ ಏನೇನು ನೋಡಿಕೊಳ್ಳಬೇಕು?

ಕೇಳಿದವರು, ಮೈಸೂರು:
ನಮ್ಮದು ನಾಲ್ಕು ಜನರ ಆಲ್ಟರ್ನೇಟಿವ್ ರಾಕ್ ಬ್ಯಾಂಡ್. ಲೇಬಲ್ ಇಲ್ಲ, ದುಡ್ಡು ನಮ್ಮದೇ. ಒಟ್ಟು ಒಂಬತ್ತು ಕನ್ನಡ ಹಾಡು. ಒಂದು ಕೆ.ಎಸ್. ನರಸಿಂಹಸ್ವಾಮಿಯವರ ಕವಿತೆಗೆ ನಾವೇ ರಾಗ ಹಾಕಿದ್ದು, ಇನ್ನೊಂದು ಶಿಶುನಾಳ ಶರೀಫರ ಪದ, ಉಳಿದವು ಸ್ವಂತದ್ದು. ಡ್ರಮ್ಸ್ ಇನ್ನೂ ರೆಕಾರ್ಡ್ ಆಗಿಲ್ಲ. ದಸರಾ ಹೊತ್ತಿಗೆ ಬಿಡುಗಡೆ, ಜೊತೆಗೊಂದು ಶೋ ಅಂದುಕೊಂಡಿದ್ದೀವಿ. ಎಲ್ಲಿ ಎಡವುತ್ತೀವಿ, ಗೊತ್ತಿರುವವರು ಹೇಳಿ.

ಹಕ್ಕುಪತ್ರದ ಕೆಲಸ ನೋಡುವವರು:
ಡ್ರಮ್ಸ್ ಆಮೇಲಾಗಲಿ, ಮೊದಲು ಆ ಕವಿತೆಯ ಅನುಮತಿ ಕೈಗೆ ಬರಲಿ. ಕವಿ ತೀರಿಕೊಂಡದ್ದು 2003ರಲ್ಲಿ. ಮುಂದಿನ ವರ್ಷದಿಂದ 60 ವರ್ಷ, ಅಂದರೆ 2063ರ ಕೊನೆಯವರೆಗೆ ಹಕ್ಕು ವಾರಸುದಾರರದ್ದು ಅಥವಾ ಅವರು ಬರೆದುಕೊಟ್ಟವರದ್ದು. ರಾಗ ನಿಮ್ಮದಾದ ಮಾತ್ರಕ್ಕೆ ಸಾಹಿತ್ಯ ನಿಮ್ಮದಾಗಲ್ಲ. ಫೋನಿನಲ್ಲಿ ‘ಹಾಡ್ಕೊಳ್ಳಿ, ಸಂತೋಷ’ ಅಂದರೆ ಸಾಲದು, ಸಹಿ ಇರುವ ಪತ್ರ ಬೇಕು. ಪತ್ರದಲ್ಲಿ ಅವಧಿ ಬರೆಯದಿದ್ದರೆ ಕಾನೂನಿನ ಪ್ರಕಾರ ಅದು 5 ವರ್ಷಕ್ಕೆ ಮಾತ್ರ. ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಸ್ಪಾಟಿಫೈ ಊರೂರಿಗೆ ಹೋಗುತ್ತೆ, ಹಾಗಾಗಿ ‘ಜಗತ್ತಿನಾದ್ಯಂತ’ ಅಂತ ಬರೆಸಿ. ಸ್ಟ್ರೀಮಿಂಗ್, ಯೂಟ್ಯೂಬ್, ವೇದಿಕೆ ಮೂರನ್ನೂ ಹೆಸರಿಸಿ. ಪತ್ರ ಬರದಿದ್ದರೆ ಎಂಟೇ ಹಾಡಿನ ಆಲ್ಬಂ ಬಿಡಿ, ಏನೂ ಕೊರತೆಯಿಲ್ಲ.

ಶರೀಫರು ಕಾಲವಾದದ್ದು 1889ರಲ್ಲಿ, ಪದಕ್ಕೆ ಯಾರ ಅಪ್ಪಣೆಯೂ ಬೇಡ. ಆದರೆ ಕ್ಯಾಸೆಟ್ಟಿನಿಂದ ಎಲ್ಲರ ಬಾಯಿಗೆ ಬಂದ ಧಾಟಿಗೆ ಸಂಯೋಜಕರು ಬೇರೆ ಇರುತ್ತಾರೆ, ಅವರ ಹಕ್ಕು ಬೇರೆ. ಧಾಟಿಯೂ ನಿಮ್ಮದೇ ಇರಲಿ.

ಸ್ವಂತ ಹಾಡುಗಳಿಗೆ ಯಾರದು ಸಾಹಿತ್ಯ, ಯಾರದು ಸಂಗೀತ, ಎಷ್ಟೆಷ್ಟು ಪಾಲು ಅಂತ ಒಂದು ಹಾಳೆಯಲ್ಲಿ ಬರೆದು ನಾಲ್ಕೂ ಜನ ಈಗಲೇ ಸಹಿ ಹಾಕಿ. ಬರೆದವರು, ಸಂಗೀತ ಮಾಡಿದವರು ಐಪಿಆರ್‌ಎಸ್ (ಅವರ ಪರವಾಗಿ ರಾಯಲ್ಟಿ ವಸೂಲಿ ಮಾಡಿಕೊಡುವ ಸಂಸ್ಥೆ) ಸದಸ್ಯರಾಗಬೇಕು. ಹಾಡನ್ನು ಸ್ಪಾಟಿಫೈ ಮುಂತಾದ ಕಡೆ ಏರಿಸುವ ಡಿಸ್ಟ್ರಿಬ್ಯೂಟರ್ ಕೊಡುವುದು ರೆಕಾರ್ಡಿಂಗಿನ ಕಾಸು. ಸಾಹಿತ್ಯ, ಸಂಗೀತದ ಕಾಸು ಬರುವ ದಾರಿ ಐಪಿಆರ್‌ಎಸ್.

ರೆಕಾರ್ಡಿಂಗ್, ಮಿಕ್ಸಿಂಗ್ ಮಾಡುವವರು:
ಡ್ರಮ್ಸಿಗೆ ಎಂಟು ಇನ್‌ಪುಟ್ಟಿನ ಇಂಟರ್‌ಫೇಸ್ (ಮೈಕಿನ ದನಿಯನ್ನು ಕಂಪ್ಯೂಟರಿಗೆ ಒಯ್ಯುವ ಪೆಟ್ಟಿಗೆ) ಸಾಕು: ಕಿಕ್ (ಕಾಲಲ್ಲಿ ಬಾರಿಸುವ ದೊಡ್ಡ ಡ್ರಮ್), ಸ್ನೇರ್ ಮೇಲೆ, ಸ್ನೇರ್ ಕೆಳಗೆ, ಎರಡು ಟಾಮ್, ಎರಡು ಓವರ್‌ಹೆಡ್ (ಕಿಟ್ಟಿನ ಮೇಲೆ ಎತ್ತರದಲ್ಲಿಡುವ ಮೈಕ್), ಒಂದು ರೂಮ್ ಮೈಕ್. ಸ್ನೇರಿನ ನಡುವಿನಿಂದ ಎರಡೂ ಓವರ್‌ಹೆಡ್‌ಗೆ ದಾರ ಹಿಡಿದು ಅಳೆಯಿರಿ, ದೂರ ಒಂದೇ ಇರಬೇಕು. ಹೆಚ್ಚುಕಮ್ಮಿಯಾದರೆ ಸ್ನೇರ್ ಒಂದು ಪಕ್ಕಕ್ಕೆ ವಾಲುತ್ತೆ, ಮೋನೋದಲ್ಲಿ, ಅಂದರೆ ಎರಡು ಪಕ್ಕವೂ ಸೇರಿ ಒಂದಾಗಿ ಕೇಳಿದಾಗ ತೆಳ್ಳಗಾಗುತ್ತೆ. ಸ್ನೇರ್ ಕೆಳಗಿನ ಮೈಕಿನ ಪೊಲಾರಿಟಿ (ದನಿಯ ಅಲೆಯ ಏರಿಳಿತದ ದಿಕ್ಕು) ತಿರುಗಿಸಿ ಕೇಳಿ, ಯಾವುದರಲ್ಲಿ ಏಟು ದಪ್ಪಗೆ ಬರುತ್ತೋ ಅದನ್ನಿಡಿ. ಡ್ರಮ್ ಹೆಡ್‌ಗಳನ್ನು ಹಿಂದಿನ ದಿನವೇ ಬದಲಾಯಿಸಿ. ಅವತ್ತೇ ಹಾಕಿದರೆ ಹಿಗ್ಗಿಹಿಗ್ಗಿ ಶ್ರುತಿ ಇಳಿಯುತ್ತಲೇ ಇರುತ್ತೆ.

ಗಿಟಾರಿಗೆ ಆಂಪ್ ಜೊತೆ ಡಿಐ (ಆಂಪ್ ಇಲ್ಲದೆ ಗಿಟಾರಿನಿಂದ ನೇರ ಬರುವ ದನಿ) ಕೂಡ ತೆಗೆದಿಡಿ. ಟೋನ್ ಕೈಕೊಟ್ಟರೆ ಮತ್ತೆ ಬಾರಿಸುವ ಗೋಜಿಲ್ಲ.

ಕನ್ನಡದ ರಾಕ್ ಮಿಕ್ಸ್‌ಗಳಲ್ಲಿ ಹೆಚ್ಚು ಕೆಡುವುದು ಒತ್ತಕ್ಷರ. ಡಿಸ್ಟಾರ್ಷನ್ ಗಿಟಾರ್ ಎರಡು ಪಕ್ಕ ತುಂಬಿಕೊಂಡರೆ ‘ಹತ್ತು’ ಅನ್ನುವುದು ‘ಹತು’ ಆಗಿ, ಸಾಲಿನ ಕೊನೆಯ ‘ಳ್ಳ’ ‘ಳ’ ಆಗಿ ಕಿವಿಗೆ ಬೀಳುತ್ತೆ. ಆಗ ದನಿ ಏರಿಸಿದರೆ ಬ್ಯಾಂಡ್ ಹಿಂದೆ ಸರಿದು ಭಾವಗೀತೆ ಕ್ಯಾಸೆಟ್ ಆಗುತ್ತೆ. ದನಿ ಬಂದಾಗ ಮಾತ್ರ ಗಿಟಾರಿನಲ್ಲಿ 2ರಿಂದ 4 ಕಿಲೋಹರ್ಟ್ಸ್ ಭಾಗ 2–3 ಡಿಬಿ ಇಳಿಯುವಂತೆ ಡೈನಾಮಿಕ್ ಇಕ್ಯೂ ಹಾಕಿ.

ಮಾಸ್ಟರಿಂಗಿಗೆ (ಮಿಕ್ಸ್ ಆದ ಮೇಲಿನ ಕೊನೆಯ ಹದಕ್ಕೆ) 24 ಬಿಟ್ ವೇವ್ ಫೈಲ್ ಕೊಡಿ, ಮಾಸ್ಟರ್ ಚಾನಲ್‌ನಲ್ಲಿ ಲಿಮಿಟರ್ (ಜೋರು ಏಟುಗಳನ್ನು ಅಮುಕುವ ಸಾಧನ) ಬೇಡ. ಒಂಬತ್ತನ್ನೂ ಒಬ್ಬರಿಗೇ, ಒಟ್ಟಿಗೇ ಕೊಡಿ. ಸ್ಪಾಟಿಫೈ ಹೇಗೂ −14 ಎಲ್‌ಯುಎಫ್‌ಎಸ್ (ಸದ್ದಿನ ಜೋರು ಅಳೆಯುವ ಮಾನ) ಮಟ್ಟಕ್ಕೆ ಇಳಿಸುತ್ತೆ. −7ರವರೆಗೆ ಅಮುಕಿಸಿದರೆ ಸದ್ದು ಹೆಚ್ಚೋದಿಲ್ಲ, ಡ್ರಮ್ಸಿನ ಪೆಟ್ಟು ಮಾತ್ರ ಸಾಯುತ್ತೆ.

ಡಿಸ್ಟ್ರಿಬ್ಯೂಷನ್ ಬಗ್ಗೆ, ಕುವೆಂಪುನಗರದಿಂದ:
ಡಿಸ್ಟ್ರಿಬ್ಯೂಟರ್‌ಗಳಲ್ಲಿ ಡಿಸ್ಟ್ರೋಕಿಡ್‌ಗೆ ವರ್ಷವರ್ಷ ಕಟ್ಟಬೇಕು, ಸಿಡಿ ಬೇಬಿಗೆ ಬಿಡುಗಡೆಗೊಮ್ಮೆ ಕಟ್ಟಿ ಬರುವ ಕಾಸಿನಲ್ಲೂ ಪಾಲು ಕೊಡಬೇಕು. ಕಂತು ಮರೆಯುವವರಿಗೆ ಎರಡನೆಯದೇ ವಾಸಿ. ಫೈಲುಗಳನ್ನು ಬಿಡುಗಡೆಗೆ ನಾಲ್ಕು ವಾರ ಮೊದಲೇ ಏರಿಸಿ. ಸ್ಪಾಟಿಫೈ ಪ್ಲೇಲಿಸ್ಟಿಗೆ ಕೋರಿಕೆ ಕಳಿಸೋದು ಬಿಡುಗಡೆಯಾಗದ ಹಾಡಿಗೆ ಮಾತ್ರ. ಕನಿಷ್ಠ 7 ದಿನ ಮೊದಲು ಕಳಿಸಿದರೆ ಫಾಲೋ ಮಾಡುವವರ ರಿಲೀಸ್ ರೇಡಾರಿಗೂ (ಸ್ಪಾಟಿಫೈ ಕೊಡುವ ಹೊಸ ಹಾಡುಗಳ ಪಟ್ಟಿ) ಆ ಹಾಡೇ ಹೋಗುತ್ತೆ. ಒಂದು ಆಲ್ಬಂಗೆ ಒಂದೇ ಹಾಡು, ಅದಕ್ಕೇ ಮೊದಲು ಎರಡು ಮೂರು ಸಿಂಗಲ್ ಬಿಡೋದು. ಸಿಂಗಲ್ ಆಲ್ಬಂಗೆ ಬಂದಾಗ ಅದೇ ಐಎಸ್‌ಆರ್‌ಸಿ (ಪ್ರತಿ ರೆಕಾರ್ಡಿಂಗಿನ ಗುರುತು ಸಂಖ್ಯೆ), ಅದೇ ಫೈಲ್ ಕೊಡಿ. ಹೊಸ ಸಂಖ್ಯೆ ಕೊಟ್ಟರೆ ಕೇಳಿದ ಲೆಕ್ಕ ಸೊನ್ನೆಯಿಂದ ಶುರು. 2024ರಿಂದ 12 ತಿಂಗಳಲ್ಲಿ 1000 ಸಲ ಕೇಳದ ಹಾಡಿಗೆ ಅಲ್ಲಿ ಕಾಸೇ ಇಲ್ಲ, ಹಾಗಾಗಿ ಇದು ಸಣ್ಣ ವಿಷಯ ಅಲ್ಲ.

ಕವರ್ 3000×3000 ಪಿಕ್ಸೆಲ್, ಅದರ ಮೇಲೆ ಇನ್‌ಸ್ಟಾ ಹೆಸರು ಹಾಕಿದರೆ ವಾಪಸ್ ಬರುತ್ತೆ. ರೆಡಿಮೇಡ್ ಲೂಪ್ (ಸಿದ್ಧವಾಗಿ ಸಿಗುವ ಸಂಗೀತದ ತುಣುಕು) ಬಳಸಿದ ಹಾಡಿಗೆ ಯೂಟ್ಯೂಬ್ ಕಂಟೆಂಟ್ ಐಡಿ (ನಿಮ್ಮ ಹಾಡು ಬಳಸಿದ ವಿಡಿಯೋಗಳನ್ನು ತಾನೇ ಹುಡುಕುವ ವ್ಯವಸ್ಥೆ) ಬೇಡ. ಅದೇ ಲೂಪ್ ಬಳಸಿದ ಇನ್ಯಾರದೋ ವಿಡಿಯೋಗೆ ನಿಮ್ಮ ಹೆಸರಲ್ಲಿ ಕ್ಲೇಮ್ ಬಿದ್ದು ಜಗಳ ಶುರುವಾಗುತ್ತೆ.

ಕೇಳಿದವರು:
ಇಷ್ಟು ಹೇಳಿದ್ದಕ್ಕೆ ಥ್ಯಾಂಕ್ಸ್. ಶೋ ಬಗ್ಗೆ ಯಾರಾದ್ರೂ ಹೇಳ್ತೀರಾ?

ಲೈವ್ ಸೌಂಡ್‌ನೋರು, ಮಂಡ್ಯ:
ದಸ್ರಾ ಟೈಮ್ ಬುಟ್ಬುಡಿ ಗುರು. ಗೌರಿ ಗಣೇಶದಿಂದ ದಸ್ರಾ ಗಂಟ ಆರ್ಕೆಸ್ಟ್ರಾ ಸೀಸನ್ನು, ಒಳ್ಳೆ ಸೌಂಡು, ಬಾಡಿಗೆ ಡ್ರಮ್ ಕಿಟ್ಟು ಕೈಗೆ ಸಿಗಾಕಿಲ್ಲ. ಹುಡುಗ್ರೆಲ್ಲ ಯುವ ಸಂಭ್ರಮ, ಯುವ ದಸರಾ ಅಂತ ಅತ್ಲಾಗೇ ಇರ್ತಾರೆ. ಅದ್ ಮುಗೀಲಿ, ಚಳಿ ಬೀಳೋ ಹೊತ್ಗೆ ಇಟ್ಕಳಿ. ಕಲಾಮಂದಿರದ ದೊಡ್ಡ ಹಾಲ್ ಹಿಡಿದು ಖಾಲಿ ಕುರ್ಚಿಗೆ ಬಾರ್ಸೋದಕ್ಕಿಂತ ಅದೇ ಕಾಂಪೌಂಡಿನ ಕಿರುರಂಗಮಂದಿರ ಸಾಕು. ಚಿಕ್ಕ ಹಾಲಲ್ಲಿ ಡ್ರಮ್ಸ್ ಏಟೇ ಜಾಸ್ತಿ, ಸ್ಪೀಕರಿಂದ ಮೊದ್ಲು ದನಿ ಬುಡಿ, ಆಮೇಲೆ ಕಿಕ್ಕು. ಗಿಟಾರ್ ಆಂಪ್‌ನ ಬಾರ್ಸೋನ ಕಿವಿ ಕಡೆ ವಾಲ್ಸಿಡಿ, ತಾನೇ ವಾಲ್ಯೂಮ್ ಇಳಿಸ್ತಾನೆ. ಬಯಲಲ್ಲಾದ್ರೆ ಪೊಲೀಸ್ ಪರ್ಮಿಷನ್ ಬೇಕು, ರಾತ್ರಿ 10ಕ್ಕೆ ಸ್ಪೀಕರ್ ನಿಲ್ಬೇಕು.

ಇನ್ನೊಂದು. ಮಿಕ್ಸರ್ರು, ಆಂಪು ಎಲ್ಲಾ ಒಂದೇ ಬೋರ್ಡಿಂದ ಕರೆಂಟ್ ತಕಳಿ. ಗುಂಯ್ ಅನ್ನೋದು ನಿಲ್ಲಲಿ ಅಂತವ ಅರ್ತಿಂಗ್ ಪಿನ್ ಕಿತ್ತಾಕ್ಬ್ಯಾಡಿ. ಕೈ ಗಿಟಾರ್ ತಂತಿ ಮೇಲಿದ್ದು ತುಟಿ ಮೈಕಿಗೆ ತಾಕುದ್ರೆ ಶಾಕ್ ಹೊಡೀತದೆ. ಡಿಐ ಬಾಕ್ಸಲ್ಲಿ ಗ್ರೌಂಡ್ ಲಿಫ್ಟ್ ಅಂತ ಸ್ವಿಚ್ ಇರ್ತದೆ, ಅದನ್ನ ಒತ್ತಿ.